ಬದಲಿ

ಐದನೇ ನಂಬರಿನ ಉಜ್ಜುಗೊರಡು.
ಸಕಲೇಶಪುರದಾಚೆ ತೋಟದ ಬಂಗಲೆಯೊಂದರ ಹರಾಜಿನಲ್ಲಿ
ಒಡೆದ ಕಮೋಡು, ಕುದುರೆಯ ಜೀನು
ಎಲ್ಲದರ ಜೊತೆ ಒಂದೇ ಲಾಟಿನಲ್ಲಿ ಬಂದದ್ದು.
ಅಡಿ ನೆಟ್ಟಗಿದೆ, ಅಲಗು ಎರಡು ಬೆರಳಷ್ಟು ಉಳಿದಿದೆ,
ಹಿಡಿಯನ್ನು ಯಾರೋ ಎಡಗೈಯವನು ಸವೆಸಿದ್ದಾನೆ.
ಇಲ್ಲದ್ದು ಎರಡು:
ಅಲಗನ್ನು ಇಳಿಸಿ ಏರಿಸುವ ಹಿತ್ತಾಳೆ ನಟ್ಟು,
ಅಲಗನ್ನು ಅದುಮಿ ಹಿಡಿಯುವ ಕಬ್ಬಿಣದ ಮುಚ್ಚಳ.

ನಟ್ಟಿಗೆ ಜವರಾಚಾರಿಯ ಲೇತಿಗೆ ಹೋದೆ.
ಮೂರು ಸಲ ಮಾಡಿಕೊಟ್ಟ, ಮೂರೂ ಕೂರಲಿಲ್ಲ.
ನಾಲ್ಕನೇ ಸಲ ತಿರುಪನ್ನು ಕಣ್ಣ ಹತ್ತಿರ ತಂದು
"ಥೂ, ಇದು ಎಡಸುತ್ತು" ಅಂದ,
"ಬಿಗಿ ಮಾಡಿದ್ರೆ ಬಿಚ್ಕೊಳುತ್ತೆ, ಬಿಚ್ಚಿದ್ರೆ ಬಿಗಿಯಾಗುತ್ತೆ.
ನಮ್ಮ ಭಾವಮೈದನ ಹಂಗೆ."
ಕಾಸು ತಗೊಂಡಿದ್ದು ಒಂದಕ್ಕೇ.

ಮುಚ್ಚಳ ಮಾತ್ರ ಎಲ್ಲೂ ಇಲ್ಲ.
ಮಂಗಳವಾರದ ಸಂತೆಯಲ್ಲಿ ಗೋಣಿ ಹಾಸಿ ಕೂತವರ
ಬೀಗವಿಲ್ಲದ ಕೀಲಿ, ಕೀಲಿಯಿಲ್ಲದ ಬೀಗಗಳ ನಡುವೆ ಇಲ್ಲ.
ಬೇಲೂರು ರಸ್ತೆಯ ಗ್ಯಾರೇಜಿನಲ್ಲಿ
"ಯಾವ ಗಾಡೀದು?" ಅಂದರು.
ಅರಸೀಕೆರೆಯಲ್ಲಿ ರೈಲ್ವೆ ಬಡಗಿಯೊಬ್ಬರ ಮನೆಯಲ್ಲಿತ್ತು;
ತೆಂಗಿನಕಾಯಿ ಒಡೆದೂ ಒಡೆದೂ
ಅದೇ ಒಡೆದಿತ್ತು.

ಸಿಕ್ಕಿದ್ದು ಪೆನ್ಷನ್ ಮೊಹಲ್ಲಾದಲ್ಲಿ,
ಖುರ್ಷಿದಾಬಿಯವರ ಗುಜರಿ ಅಂಗಡಿಯಲ್ಲಿ,
ತೂಕದ ಕಲ್ಲಿಡುವ ತಟ್ಟೆಯ ಅಡಿಗೆ
ತಂತಿಯಲ್ಲಿ ಬಿಗಿದು ತೂಗುಬಿಟ್ಟಿದ್ದರು.
ಹಳೇ ಸರಪಳಿ ಹೋಗಿ ಹೊಸದು ಹಾಕಿದ ದಿನದಿಂದ
ಆ ತಟ್ಟೆ ಹಗುರವಂತೆ.
ಇಪ್ಪತ್ತು ವರ್ಷದಿಂದ ಹಾಸನದ ರದ್ದಿ ಪೇಪರು, ಪಾತ್ರೆ, ಬಾಟಲಿ
ಇದನ್ನು ನಂಬಿಕೊಂಡು ತೂಗಿವೆ.

ಐನೂರು ಅಂದೆ. ನಕ್ಕರು.
ಸಾವಿರ ಅಂದೆ. ನಗಲಿಲ್ಲ.
"ದುಡ್ಡು ಕಟ್ಟಿದ್ರೆ ತಟ್ಟೆ ಸಮ ಆಗ್ತದಾ?
ಇಷ್ಟೇ ತೂಕದ್ದು ಇನ್ನೊಂದು ತನ್ನಿ, ಇದು ತಗೊಂಡ್ಹೋಗಿ."
ಬೋಲ್ಟು, ವಾಷರು, ಮುರಿದ ನಲ್ಲಿ ಪೋಣಿಸಿ ಕೊಟ್ಟರೆ ಬೇಡವಂತೆ.
ಗೊಂಚಲು ನೋಡಿದರೆ ಜನಕ್ಕೆ ಅನುಮಾನ,
ಯಾವತ್ತು ಯಾವುದು ಉದುರಿತೋ ಅಂತ.
ಒಂದೇ ಇರಬೇಕು.

ನನ್ನಲ್ಲಿ ಇದ್ದದ್ದು ಬೀಟೆಯ ಒಂದು ತುಂಡು,
ಮಂಚದ ಕಾಲು ಮಾಡಿ ಮಿಕ್ಕಿದ್ದು,
ಮುಚ್ಚಳಕ್ಕಿಂತ ಒಂಚೂರು ಭಾರ.
ಇಳಿಸಲು ಉಜ್ಜುಗೊರಡು ಬೇಕು.
ಉಜ್ಜುಗೊರಡಿಗೆ ಮುಚ್ಚಳ ಬೇಕು.
ಪೆಚ್ಚಾಗಿ ನಿಂತದ್ದು ನೋಡಿ
ಗುರುವಾರ ಸಂಜೆ ಅವರೇ ತಂತಿ ಬಿಚ್ಚಿದರು:
"ನಾಳೆ ಜುಮ್ಮಾ. ಮೂರು ಗಂಟೆ ತನಕ ಬಾಗ್ಲು ತೆಗ್ಯಲ್ಲ."

ಆ ರಾತ್ರಿ ಅಲಗು ಕೂತಿತು.
ಎಡಕ್ಕೆ ತಿರುಗಿಸಿ, ಬಲಕ್ಕೆ ತಿರುಗಿಸಿ, ಮತ್ತೆ ಮರೆತು ಎಡಕ್ಕೆ,
ಕೊನೆಗೊಂದು ಸುರುಳಿ ಎದ್ದಿತು
ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ, ನೇರಳೆ ಬಣ್ಣಕ್ಕೆ.
ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ.
"ಚೆನ್ನಾಗಿದೆ" ಅಂದು ಮಗ್ಗುಲಾದಳು.

ಶುಕ್ರವಾರ ಅಂಗಡಿಯ ಕಟ್ಟೆ ಮೇಲೆ ಕೂತು
ಒಂದು ಸುರುಳಿ ತೆಗೆಯುವುದು, ತುಂಡನ್ನು ತಂತಿಗೆ ಕಟ್ಟುವುದು,
ಬರೀ ತಟ್ಟೆಗಳನ್ನು ಎತ್ತಿ ಬಿಟ್ಟು
ಇಬ್ಬರೂ ಮುಳ್ಳು ನೋಡುವುದು.
ಹನ್ನೊಂದನೆಯ ಸುರುಳಿಗೆ ಮುಳ್ಳು ನಿಂತಿತು.
ಖುರ್ಷಿದಾಬಿ ಮರವನ್ನು ಮೂಸಿದರು.
"ಮಳೆಗಾಲ್ದಲ್ಲಿ ಇದು ನೀರು ಕುಡಿಯಲ್ವಾ?"
ಮೇಣ ಹಚ್ಚಿದರೂ ಒಂದಿಷ್ಟು ಕುಡಿಯುತ್ತೆ ಅಂದೆ.
"ಹಂಗಾದ್ರೆ ಹುಡುಗ್ರು ತರೋ ಬಾಟ್ಲಿಗೆ ಮೋಸ."

ಅದಕ್ಕೇ ಆರಿದ್ರೆ ಮಳೆ ಹಿಡಿದ ಮೇಲೊಂದು ದಿನ
ಉಜ್ಜುಗೊರಡನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋಗುತ್ತೇನೆ.
"ಅದು ಹೆಂಗಿದೆ?" ಅನ್ನುತ್ತಾರೆ. ಬಿಚ್ಚಿ ತೋರಿಸುತ್ತೇನೆ.
ಒಂದೂವರೆ ಸುರುಳಿ ಸಾಕು.
ಚಳಿಗಾಲಕ್ಕೆ ಮರ ಒಣಗಿ ಹಗುರಾದರೆ
ಅವರೇ ಒಂದು ಮೊಳೆ ಹೊಡೆಯುತ್ತಾರೆ.

ನಾಲ್ಕು ವರ್ಷಕ್ಕೆ ಬೀಟೆ ಸಣ್ಣಗಾಗಿದೆ, ಮೊಳೆ ಹೆಚ್ಚಿವೆ.
ಅಲಗಿಗೆ ಮೊಳೆ ತಾಗದ ಹಾಗೆ ಉಜ್ಜಲು
ಈಗ ಒಂದೇ ಮಗ್ಗುಲು ಉಳಿದಿದೆ.