ಐವತ್ತನೇ ಅಳತೆ

ವುಚ್ ಪಟ್ಟಣದ ಹಳೆಯ ನೂಲಿನ ಗಿರಣಿ,
ಮೂರನೇ ಮಹಡಿ. ಹೀಟರಿನ ಪಕ್ಕ
ಬೊಗುಮಿಲಾ ಒಳಲಂಗದಲ್ಲಿ ನಿಲ್ಲುತ್ತಿದ್ದಳು.
ನನ್ನ ಬಾಯ್ತುಂಬ ಗುಂಡುಸೂಜಿ,
ಹಾಗಾಗಿ ಮಾತೆಲ್ಲ ಅವಳದೇ.

ಹನ್ನೊಂದು ವರ್ಷ ಅವಳ ಕೆಲಸ, ನಿಲ್ಲುವುದು.
ಎದೆ ನೂರ ಇಪ್ಪತ್ತು, ಸೊಂಟ ನೂರ ಆರು,
ಸೀಟು ನೂರ ಇಪ್ಪತ್ತಾರು.
ನಮ್ಮ ಚೀಟಿಯ ಐವತ್ತನ್ನು ಯಾವ ಊರಿನ ಯಾರು ತೊಟ್ಟರೂ
ತೊಡುತ್ತಿದ್ದುದು ಇವಳ ಮೈಯ ಅಚ್ಚನ್ನೇ.
ಕ್ರಿಸ್ಮಸ್ಸಿಗೆ ನಾಲ್ಕು ಕಡುಬು ಹೆಚ್ಚು ತಿಂದರೆ
ಕಚೇರಿಯಿಂದ ಕಾಗದ. ಜ್ವರ ಬಂದು ಇಳಿದರೂ ಕಾಗದ.
"ದಪ್ಪಗಿರೋದಕ್ಕೂ ಶಿಸ್ತು ಬೇಕು ಕಣೆ" ಎಂದು ನಗುವಳು.
ನಕ್ಕಾಗ ಟೇಪು ಎರಡು ಸೆಂಟಿಮೀಟರ್ ಜರುಗುತ್ತಿತ್ತು,
ಅದನ್ನೂ ಬರೆದುಕೊಂಡೆ:
ನಗಲು ಬೇಕಾದ ಸಡಿಲ.

ಶುರುವಿನಲ್ಲಿ ನಾನೂ ತಪ್ಪು ಮಾಡಿದವಳೇ.
ಮೂವತ್ತಾರರ ಅಚ್ಚನ್ನು ಕಂಪ್ಯೂಟರಿನಲ್ಲಿ
ಎಲ್ಲ ದಿಕ್ಕಿಗೂ ಹಿಗ್ಗಿಸಿ ಹೊಲಿಸಿಬಿಟ್ಟಿದ್ದೆ.
ಕೊರಳು ಭುಜದಿಂದ ಜಾರಿತು,
ಕಂಕುಳು ಮೊಣಕೈಗಿಳಿಯಿತು,
ತೋಳು ಬೆರಳನ್ನೂ ನುಂಗಿತು.
ಅವಳು ಬೈಯಲಿಲ್ಲ. ಮುಂಗೈ ಚಾಚಿದಳು:
"ನೋಡು, ನಮ್ಮಮ್ಮನ ಮಣಿಕಟ್ಟು, ಗುಬ್ಬಿ ಕಾಲು.
ಇದು ಯಾವತ್ತೂ ದಪ್ಪ ಆಗಿಲ್ಲ.
ತೆಳ್ಳಗಿನವಳೊಬ್ಬಳನ್ನು ಊದಿ ಮಾಡಿದ್ದಲ್ಲ ನಾನು, ಇರ್ಮಿನಾ.
ಬೇರೆಯೇ ಒಬ್ಬಳು."

ಆಮೇಲೆ ಕಲಿತೆ.
ಪ್ರತಿ ಕೋಟಿಗೂ ಅವಳದೊಂದು ಪರೀಕ್ಷೆ:
ಕೈ ಮೇಲೆತ್ತಿ, ಇಲ್ಲದ ಟ್ರಾಮಿನ
ಇಲ್ಲದ ಹಿಡಿಕೆ ಹಿಡಿದು
ಕಣ್ಣು ಮುಚ್ಚಿ ತೂಗಾಡುವಳು.
"ಅಂಚು ಮೇಲೆ ಬಂತು. ಬಿಚ್ಚು."
ಒಂದು ಹಸಿರು ಕೋಟಿನ ತೋಳನ್ನು
ಏಳು ಸಲ ಬಿಚ್ಚಿದ್ದೇನೆ.

ಆಗ ಪೋಸ್ಟರುಗಳಲ್ಲಿ ತುಂಬು ತೊಡೆಗಳಿದ್ದವು,
ಎಲ್ಲ ಮೈಯೂ ಚೆಂದ ಎಂದು
ಅಂಗಡಿಯ ಗಾಜಿನ ಮೇಲೆ ಗುಲಾಬಿ ಅಕ್ಷರ.
ಈ ವಸಂತದಲ್ಲಿ ಕೆರೆದು ತೆಗೆದರು.
ಬ್ಲೇಡಿನ ಗೀರು ಬಿಸಿಲಿಗೆ ಇನ್ನೂ ಕಾಣುತ್ತದೆ.
ಹೊಕ್ಕುಳ ಕೆಳಗಿಳಿದ ಪ್ಯಾಂಟು ವಾಪಸು ಬಂದಿದೆ,
ಕರವಸ್ತ್ರದಷ್ಟು ಮೇಲಂಗಿ ಬಂದಿದೆ,
ವಾರಕ್ಕೊಂದು ಇಂಜೆಕ್ಷನ್ ಬಂದಿದೆ.
ಮೀಟಿಂಗಿನಲ್ಲಿ ಹೊಸ ಹುಡುಗ ಹೇಳಿದ,
"ನಲವತ್ತನಾಲ್ಕರ ಮೇಲೆ ಈ ಸೀಸನ್ನಿಗೆ ಬೇಡ",
ಸೊಂಟವೆಂದರೆ ಬಂದು ಹೋಗುವ
ಸ್ಟ್ರಾಬೆರಿಯೇನೋ ಎಂಬ ಹಾಗೆ.

ಕೊನೆಯ ದಿನ ಸೂಜಿಯೆಲ್ಲ ಉಗುಳಿದೆ.
ಆದರೂ ಮಾತು ಬರಲಿಲ್ಲ.
ಐವತ್ತರ ಅಚ್ಚನ್ನು ಸುರುಳಿ ಸುತ್ತಿ, ದಾರ ಕಟ್ಟಿ
ಕೊಡಲು ಹೋದೆ.
"ನನಗ್ಯಾಕೆ? ಅಸಲೇ ನನ್ನ ಹತ್ತಿರ ಇದೆಯಲ್ಲ!"
ಎಂದು ಬೂಟಿನ ದಾರ ಬಿಗಿದು ಮೆಟ್ಟಿಲಿಳಿದಳು.

ನವೆಂಬರ್. ಸಂಜೆಯ ಟ್ರಾಮು.
ಯಾರೋ ಅಪರಿಚಿತೆ, ಒದ್ದೆ ಟೋಪಿ,
ಚೀಲದಲ್ಲಿ ಮಣ್ಣು ಮೆತ್ತಿದ ಬೀಟ್‌ರೂಟು,
ಮೈಮೇಲೆ ಅದೇ ಹಸಿರು ಕೋಟು.
ಒಂದು ಗುಂಡಿ ಬೇರೆಯದು.
ತಿರುವಿನಲ್ಲಿ ಕೈ ಮೇಲೆತ್ತಿ ಹಿಡಿಕೆ ಹಿಡಿದಳು,
ಕಣ್ಣು ಮುಚ್ಚಿದಳು.
ಅಂಚು ಅಲುಗಲಿಲ್ಲ.

ನನ್ನ ಸ್ಟಾಪು ಬಂತು, ಹೋಯಿತು.