ಬಿಲ್ಲಿಲ್ಲದ ಕಲ್ಲು

ಯಾರೂ ಕೇಳಿರಲಿಲ್ಲ ನಮ್ಮನ್ನ.
ಸರಕಾರದ ಆರ್ಡರಿಲ್ಲ, ದಂಡದ ಹೆದರಿಕಿಲ್ಲ.
ನೇಕಾರರ ಪತ್ತಿನ ಸಂಘದ ಮೀಟಿಂಗಿನಾಗ
ಚೇರಮನ್ನರೇ ಎದ್ದು ಅಂದರು:
ನವನಗರಕ್ಕ ಬಂದು ಇಷ್ಟು ವರ್ಷಾತು,
ಕಟ್ಟೂದಾದರ ಹಸಿರು ಕಟ್ಟಡ ಕಟ್ಟೋಣು,
ಹೊರಗಿನವರು ಬಂದು ಅಳೀಲಿ.
ಅರ್ಜಿಯ ನೆತ್ತಿ ಮ್ಯಾಲ ಅಚ್ಚಾಗಿತ್ತು: ಸ್ವಇಚ್ಛೆಯಿಂದ.
ನಾ ಕಾರ್ಯದರ್ಶಿ. ಸಹಿ ಮಾಡುವಾಗ
ಆ ಶಬ್ದದ ಹತ್ರ ಪೆನ್ನು ಒಂದು ಗಳಿಗಿ ನಿಂತಿತ್ತು.

ಮೇ ತಿಂಗಳ ನಟ್ಟನಡು ಮಧ್ಯಾಹ್ನ
ಕಟಗೇರಿ ಮೇಡಂ ಬಂದರು,
ಹೆಗಲಿಗೆ ಚೀಲ, ಚೀಲದ ತುಂಬ ಮೀಟರು.
ಬಿಸಿಲನ್ನ ಅಳೆದರು, ನೆರಳನ್ನ ಅಳೆದರು,
ಬಣ್ಣದ ಡಬ್ಬಿ ಮೂಸಿ ನೋಡಿದರು,
ಸಂಡಾಸಿಗೆ ಎಷ್ಟು ಲೀಟರ್ ಹೋಗತೈತಿ ಅಂತ
ಮೂರು ಸಲ ಜಗ್ಗಿದರು.
ಮಳಿನೀರಿನ ತೊಟ್ಟಿಗೆ ನಾಲ್ಕು ಅಂಕ.
ಮಳಿ ಬಂದಿಲ್ಲ ಇನ್ನೂ; ಅದನ್ನ ಫಾರ್ಮು ಕೇಳೂದಿಲ್ಲ.
ಸೈಕಲ್ ಸ್ಟ್ಯಾಂಡಿಗೆ ಒಂದು.
ಅಲ್ಲಿ ದಿನಾ ನಿಲ್ಲೂದು ಪಿಗ್ಮಿ ಏಜೆಂಟ್ ಸಂಗವ್ವನ ಸ್ಕೂಟಿ,
ಆ ಹೊತ್ತಿಗೆ ಮಾತ್ರ ಹಿತ್ತಲಕ್ಕ ಹೋಗಿತ್ತು.

ಆಮ್ಯಾಲ ಆ ಸಾಲು: ಮರುಬಳಕೆಯ ಸಾಮಗ್ರಿ.
ಎಲ್ಲಿಂದ? ಎಷ್ಟು ದೂರ? ಬಿಲ್ಲು ಲಗತ್ತಿಸಿ.

ದಾವಲಸಾಬ ಗೌಂಡಿ ಬಾಗಿಲ ಮಗ್ಗಲಿನ ಕೆಂಪುಗಲ್ಲು ತಟ್ಟಿದ.
'ಹಳೇ ಊರಿಂದು ರೀ, ಹೊಳಿಯಂಚಿನ ಓಣಿ.
ದೂರ ಅಂದರ, ಬ್ಯಾಸಿಗ್ಯಾಗ ಐದು ಕಿಲೋಮೀಟರು.
ಮಳಿಗಾಲ ಕಳದ ಮ್ಯಾಲ ಹೆಂಗ ಹೇಳಲಿ,
ನೀರು ಬಂದಿರತೈತಿ.'
ಅಂದವ ನನ್ನ ಕಡೆ ನೋಡಲಿಲ್ಲ.

'ಬಿಲ್ಲು?'
'ಬಿಲ್ಲ ಇಲ್ಲರಿ, ನಂಬರ ಐತಿ.
ಕಲ್ಲಿನ ಬೆನ್ನಿಗೆ, ಗ್ವಾಡಿ ಒಳಮಗ್ಗಲಿಗೆ.
ಆಗಿನ ಸರ್ವೇದವರು ಕೆಂಪು ಪೇಂಟಿಲೆ ಬರದದ್ದು.'

ಆಗಲೂ ಬಂದಿದ್ದರು ಒಬ್ಬರು,
ಹಿಂಗ ಚೀಲ ಹಾಕ್ಕೊಂಡು, ಟೇಪು ಹಿಡಕೊಂಡು.
ಪಡಸಾಲಿ ಇಷ್ಟು, ಅಡಗಿಮನಿ ಇಷ್ಟು,
ಬೆಳಕಿಂಡಿಗೆ ಏನೂ ಇಲ್ಲ.
ಮ್ಯಾಲ್ಮುದ್ದಿಯ ತಂಪಿಗೆ ಕಾಲಮ್ಮೇ ಇರಲಿಲ್ಲ.
ಅವ್ವ ಚಹಾ ಕೊಟ್ಟಳು, ಬಸಿ ಸಮೇತ.
ಕುಡಿದು, ಬಾಗಿಲ ಪಕ್ಕ ೨೧೭ ಅಂತ ಬರೆದು ಹೋದರು.
ಆ ಫಾರ್ಮಿನಾಗ ಸಹಿಗೆ ಜಾಗ ಇತ್ತು,
ಇಚ್ಛೆಗೆ ಇರಲಿಲ್ಲ.

'ಕಿತ್ತು ತೋರಸ್ಲ್ಯಾ?' ಚಾಣ ಹಿಡಿದು ಕೇಳಿದ ಗೌಂಡಿ.
ಮೇಡಂ ಕಲ್ಲಿನ ಮ್ಯಾಲ ಅಂಗೈ ಇಟ್ಟರು.
ಥರ್ಮಾಮೀಟರ್ ಚೀಲದಾಗೇ ಇತ್ತು.
'ತಂಪೈತಿ,' ಅಂದರು. 'ಇರಲಿ ಬಿಡ್ರಿ.'
ಅಂದು, ಪೆನ್ನು ತೆರೆದು, ಸೊನ್ನಿ ಹಾಕಿದರು.

ಎರಡು ಅಂಕಕ್ಕ ಬಂಗಾರ ತಪ್ಪಿತು.
ದೀಪಾವಳಿ ಮುಂದ ಕೊರಿಯರಿನಾಗ ಬೆಳ್ಳಿ ಫಲಕ ಬಂತು.
ಚೇರಮನ್ನರು ಸಣ್ಣ ಮಾರಿ ಮಾಡಿಕೊಂಡೇ ಪೇಢೆ ಹಂಚಿದರು.
ಫಲಕಕ್ಕ ನಾಲ್ಕು ತೂತು ಕೊರೀಬೇಕು.
ಡ್ರಿಲ್ ಹಿಡಿದ ದಾವಲಸಾಬ
ಕೆಂಪುಗಲ್ಲು ಬಿಟ್ಟು ಒಂದು ಗೇಣು ಆಚೆ ಸರಿದ, ಸಿಮೆಂಟಿನ ಕಡೆ.
'ಅದಕ್ಕ ಆಗಲೇ ಒಂದ ನಂಬರ ಐತಿ,' ಅಂದ,
ನನಗಲ್ಲ, ಡ್ರಿಲ್ಲಿಗೆ.

ಫಲಕ ಒಂಚೂರು ಸೊಟ್ಟ ಕುಂತೈತಿ.
ನಿನ್ನೆ ನೋಡಿದರ ಅದರ ಹಿಂದ ಹಲ್ಲಿಯೊಂದು ಮನಿ ಮಾಡೈತಿ,
ಅರ್ಜಿ ಗಿರ್ಜಿ ಏನೂ ಹಾಕದ.