ಹನ್ನೆರಡು ವೋಲ್ಟ್

ಪೆನ್ರಿತ್‌ನ ಶೆಡ್ಡಿನಲ್ಲಿ ಆಲ್ವಿನ್, ಬ್ಯಾಟರಿಗೆ ನೇರ
ಎರಡು ತಂತಿ ಬಿಗಿದು, ನಡುವೆ ಒಂದು ಫ್ಯೂಸು ಕೂರಿಸಿ
ಹೇಳಿದ್ದು ಇಷ್ಟೇ: ಮೊದಲು ಎಂಜಿನ್ನು, ಆಮೇಲೆ ನೀನು.

ಸೀಟಿನಡಿಯಿಂದ ಇಲಿಬಾಲದಂತೆ ಇಣುಕುವ ವೈರು
ಜಾಕೀಟಿನ ಅಂಚಿಗೆ ಸಿಕ್ಕಿಸುತ್ತೇನೆ: ಟಕ್.
ತೋಳಿನ ತುದಿಯಲ್ಲಿ ಗ್ಲೌಸಿಗೆ ಮತ್ತೆರಡು ಟಕ್.
ಗುಂಡಿಗಳೂ ಎರಡು, ಎಡದ್ದು ಮೈಗೆ, ಬಲದ್ದು ಕೈಗೆ;
ದಪ್ಪ ಗ್ಲೌಸಿನ ಬೆರಳಿಗೆ ಯಾವುದಾದರೇನು.

ರಾತ್ರಿ ಒಂದೂವರೆ. ಹಾರ್ಟ್‌ಸೈಡಿನ ಏರು.
ಹಿಂದಿನ ಪೆಟ್ಟಿಗೆಯಲ್ಲಿ ಯಾರಿಗೋ ಹೊರಟ ರಕ್ತ, ನಾಲ್ಕು ಚೀಲ.
ಅದು ತಣ್ಣಗೇ ಇರಬೇಕು,
ನನ್ನದು ಬೆಚ್ಚಗಿರಬೇಕು.
ಒಂದೇ ಗಾಡಿಯ ಮೇಲೆ ಎರಡು ಋತು.

ಅರ್ಧ ಗುಡ್ಡದಲ್ಲಿ ಎಡಗೈ ಸುಮ್ಮನಾಯಿತು.
ಗುಂಡಿ ತಿರುಗಿಸಿದೆ. ತಪ್ಪು ಗುಂಡಿ.
ಬೆನ್ನು ದೋಸೆಯ ಕಾವಲಿ, ಬೆರಳು ಐದು ಮೊಳೆ.
ಕೈ ಕೊಡುವುದು ಅಂದರೆ ಇದೇ ಇರಬೇಕು,
ನಗು ಬಂತು, ಹೆಲ್ಮೆಟ್ಟಿನ ಗಾಜು ಮಬ್ಬಾಯಿತು.
ಇಳಿಜಾರು ಸಿಕ್ಕಿದ್ದೇ, ಬಾಗಿ,
ಸಿಲಿಂಡರಿನ ಪಕ್ಕೆಗೆ ಅಂಗೈ ಒತ್ತಿದೆ.
ಆಲ್‌ಸ್ಟನ್ನಿನ ಕಲ್ಲುಹಾಸು ಹಲ್ಲು ಕಡಿಸಿತು.

ಹೆಕ್ಸಮ್ ಆಸ್ಪತ್ರೆ. ಇಳಿದೆ, ಪೆಟ್ಟಿಗೆ ಬಿಚ್ಚಿಕೊಂಡು
ಎರಡು ಹೆಜ್ಜೆ ಹಾಕಿರಬೇಕು,
ಸೊಂಟದ ಬಳಿ ಯಾರೋ ಎಳೆದರು:
ಸೆರಗು ಹಿಡಿದ ಕೂಸಿನಂತೆ ಗಾಡಿ,
ಬಿಟ್ಟು ಹೋಗಬೇಡ ಅಂತ.

ನರ್ಸ್ ರೋವೀನಾ ಸಹಿ ಹಾಕಿ, ಚೀಲ ಎಣಿಸಿ,
ನನ್ನ ಎಡ ಮಣಿಕಟ್ಟಿನ ಕಡೆ ನೋಡಿದಳು.
ಅಲ್ಲಿ ಪುಟ್ಟ ಪ್ಲಗ್ಗು ಕಳಚಿ ನೇತಾಡುತ್ತಿತ್ತು,
ಅಷ್ಟೇ, ಒಳಗೇನೂ ಕೆಟ್ಟಿರಲಿಲ್ಲ.
ರಕ್ತ ಮುಟ್ಟಿ ತಣ್ಣಗಾದ ಕೈಯಲ್ಲೇ
ಸಿಕ್ಕಿಸಿಕೊಟ್ಟಳು.

ವಾಪಸು ದಾರಿಯಲ್ಲಿ ಪೆಟ್ಟಿಗೆ ಖಾಲಿ.
ಬಲದ ಗುಂಡಿ ಹುಡುಕಿ, ಮೆಲ್ಲಗೆ, ಒಂದು ಗೆರೆ ಇಳಿಸಿದೆ.